ಮನೆಯಲ್ಲಿ ಕಟ್ಟುವ ಕಂಡೆನ್ಸರ್ ಮೈಕ್ರೋಫೋನ್

ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಗೆಯ ಬಿಡಿಭಾಗಗಳಿಂದ ಇಬ್ಬರು ವಿದ್ಯಾರ್ಥಿನಿಯರು ಎರಡು ಮೈಕ್ರೋಫೋನುಗಳನ್ನು ಕಟ್ಟಿದಾಗ, ಒಂದು ಮಾತನ್ನು ಸ್ವಚ್ಛವಾಗಿ ಮುಟ್ಟಿಸುವುದೂ ಇನ್ನೊಂದು ದುಂಬಿಯಂತೆ ಗುಂಯ್‌ಗುಡುವುದೂ ಉಂಟು. ಇದರ ಕಾರಣವು ಬಹುಮಟ್ಟಿಗೆ ಭಾಗಗಳಲ್ಲಿಲ್ಲ. ಅವುಗಳನ್ನು ಹಲಗೆಯ ಮೇಲೆ ಇರಿಸಿದ ಕ್ರಮದಲ್ಲಿರುವುದು. ಈ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ವಿಶದಪಡಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಇದು ಕೇವಲ ಯಂತ್ರದ ವಿಷಯವೆಂದು ಯಾರೂ ಭಾವಿಸಬಾರದು. ಮೆಲುದನಿಯ ಬಾಲಿಕೆಯು ವೇದಿಕೆಯ ಮೇಲೆ ನಿಂತು ಪದ್ಯವನ್ನೋದುವಾಗ, ಯಂತ್ರದ ಗುಂಯ್‌ಕಾರದಲ್ಲಿ ಆಕೆಯ ಮಾತು ಮುಳುಗಿಹೋಗುವುದು. “ಗಟ್ಟಿಯಾಗಿ ಹೇಳಮ್ಮಾ” ಎಂದು ಹಿಂದಿನ ಸಾಲಿನವರು ಕೂಗುವರು. ತಂತಿಯ ದೋಷವನ್ನು ಆಕೆಯು ತನ್ನ ಕಂಠದ ದೋಷವೆಂದು ತಿಳಿದು, ಮರುವರ್ಷ ತನ್ನ ಹೆಸರನ್ನೇ ಕೊಡದೆ ಹೋಗುವಳು. ಇಂಥವರನ್ನು ನಾವು ಬಲ್ಲೆವು.

ಮನೆಯಲ್ಲಿಯೇ ಧ್ವನಿಯಂತ್ರವನ್ನು ನಡೆಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ ೩೦ ವಾಟ್ ಶಕ್ತಿಯ ಯಂತ್ರದ ಮೂಲಕ ‘ಆಕಾಶವಾಣಿ’ಯನ್ನು ಆರಂಭಿಸಿದರು. ಇನ್ನು ಕಂಡೆನ್ಸರ್ ಮೈಕ್ರೋಫೋನನ್ನು ೧೯೧೬ರಲ್ಲಿ ಅಮೆರಿಕೆಯ ಇ. ಸಿ. ವೆಂಟೆ ಎಂಬವರು ರಚಿಸಿದರು. ೧೯೬೨ರಲ್ಲಿ ಅಲ್ಲಿಯ ಬೆಲ್ ಪ್ರಯೋಗಾಲಯದಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ಇಬ್ಬರು ಅದನ್ನು ‘ಎಲೆಕ್ಟ್ರೆಟ್’ ಎಂಬ ಸುಲಭ ರೂಪಕ್ಕೆ ತಂದರು. ನಮ್ಮ ಮಕ್ಕಳು ಕಟ್ಟತಕ್ಕದ್ದು ಇದನ್ನೇ.

ಇದರ ತತ್ತ್ವವು ಸರಳವಾದುದು. ಬಟಾಣಿಗಿಂತ ತುಸು ದೊಡ್ಡದಾದ ಲೋಹದ ಡಬ್ಬಿಯೊಳಗೆ ಅತಿ ತೆಳ್ಳನೆಯ ಪೊರೆಯೊಂದು, ಅದರ ಹಿಂದೆ ಕದಲದ ತಟ್ಟೆಯೊಂದು ಇರುವುವು. ಶಬ್ದವು ತಾಕಿದೊಡನೆ ಪೊರೆಯು ಅದುರಿ, ಎರಡರ ನಡುವಣ ಅಂತರವು ಹೆಚ್ಚುಕಡಿಮೆಯಾಗುವುದು. ಅಯಸ್ಕಾಂತವು ತನ್ನ ಗುಣವನ್ನು ಹಿಡಿದಿಟ್ಟುಕೊಳ್ಳುವಂತೆ ಎಲೆಕ್ಟ್ರೆಟ್ ವಸ್ತುವು ವಿದ್ಯುದಂಶವನ್ನು ಹಿಡಿದಿಟ್ಟಿರುವುದರಿಂದ, ಅಂತರವು ಬದಲಾದಂತೆ ವೋಲ್ಟೇಜೂ ಬದಲಾಗುವುದು. ಹೀಗೆ ಹುಟ್ಟುವ ವಿದ್ಯುತ್ತು ಕೆಲವೇ ಮಿಲಿವೋಲ್ಟುಗಳಷ್ಟು ದುರ್ಬಲ. ಮನೆಯ ಗೋಡೆಯೊಳಗಣ ತಂತಿಗಳಲ್ಲಿಯಾದರೋ ೨೩೦ ವೋಲ್ಟುಗಳ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಂತೆ ಮಿಡಿಯುತ್ತಿರುವುದು. ಇಷ್ಟು ಬಲವಾದುದರ ಬಳಿಯಲ್ಲಿ ಇಷ್ಟು ಸೂಕ್ಷ್ಮವಾದುದನ್ನು ಕಾಪಾಡುವುದೇ ಜೋಡಣೆಯ ಕೌಶಲ.

ಬೇಕಾದ ಸಾಮಾನುಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುವುವು. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯವರು ಮೆಟ್ರೋ ರೈಲಿನಲ್ಲಿ ಚಿಕ್ಕಪೇಟೆಯಲ್ಲಿಳಿದರೆ ಆ ರಸ್ತೆ ಸಮೀಪ. ಕೊಳ್ಳತಕ್ಕವು: ಎಲೆಕ್ಟ್ರೆಟ್ ಡಬ್ಬಿ ಒಂದು, ಬಿ.ಸಿ. ೫೪೯ ಟ್ರಾನ್ಸಿಸ್ಟರ್ ಒಂದು, ೪.೭ ಕಿಲೋ ಓಮಿನ ಎರಡು, ೧ ಕಿಲೋ ಓಮಿನ ಒಂದು, ೧ ಮೆಗಾ ಓಮಿನ ಒಂದು ರೆಸಿಸ್ಟರುಗಳು, ೧, ೧೦ ಮತ್ತು ೧೦೦ ಮೈಕ್ರೋಫ್ಯಾರಡಿನ ಒಂದೊಂದು ಕೆಪಾಸಿಟರ್, ೯ ವೋಲ್ಟಿನ ಬ್ಯಾಟರಿ, ತಾಮ್ರಪಟ್ಟಿಯ ಹಲಗೆ, ಮೇಲೆ ಜಾಲರಿಯಿರುವ ಶೀಲ್ಡ್ ತಂತಿ.

ಬ್ಯಾಟರಿಯ ಧನತುದಿಯಿಂದ ೧ ಕಿಲೋ ಓಮನ್ನೂ, ಅದರ ಮುಂದೆ ೪.೭ ಕಿಲೋ ಓಮನ್ನೂ ದಾಟಿ ಡಬ್ಬಿಗೆ ವಿದ್ಯುತ್ತು ಬರಬೇಕು. ಆ ಎರಡೂ ಕೂಡುವಲ್ಲಿಂದ ಗ್ರೌಂಡಿಗೆ ೧೦೦ ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಹಾಕತಕ್ಕದ್ದು. ಇದು ಬ್ಯಾಟರಿಯ ಕಡೆಯಿಂದ ಬರುವ ಕಲಮಲವನ್ನು ಸೋಸುವುದು. ಡಬ್ಬಿಯಲ್ಲಿ ಹುಟ್ಟಿದ ಧ್ವನಿಯನ್ನು ೧ ಮೈಕ್ರೋಫ್ಯಾರಡಿನ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ ಕೊಡಬೇಕು. ಎಮಿಟರು ಗ್ರೌಂಡಿಗೆ, ಕಲೆಕ್ಟರು ಇನ್ನೊಂದು ೪.೭ ಕಿಲೋ ಓಮಿನ ಮೂಲಕ ಬ್ಯಾಟರಿಯ ಧನತುದಿಗೆ; ಕಲೆಕ್ಟರಿಗೂ ಬೇಸಿಗೂ ನಡುವೆ ೧ ಮೆಗಾ ಓಮ್. ಕಲೆಕ್ಟರಿನಿಂದ ೧೦ ಮೈಕ್ರೋಫ್ಯಾರಡನ್ನು ದಾಟಿ ಧ್ವನಿಯು ಹೊರಕ್ಕೆ ಹೋಗುವುದು. ಕೆಪಾಸಿಟರುಗಳ ಧನತುದಿಯು ಹೆಚ್ಚು ವೋಲ್ಟೇಜಿರುವ ಕಡೆಗೆ, ಎಂದರೆ ಡಬ್ಬಿ ಮತ್ತು ಕಲೆಕ್ಟರುಗಳ ಕಡೆಗೆ, ಇರಬೇಕು. ಡಬ್ಬಿಯ ಎರಡು ತುದಿಗಳಲ್ಲಿ ಅದರ ಲೋಹದ ಮೈಗೆ ಅಂಟಿಕೊಂಡಿರುವುದೇ ಗ್ರೌಂಡ್.

ಇನ್ನು ಮುಖ್ಯವಾದ ಜೋಡಣೆ. ಮೊದಲನೆಯದಾಗಿ, ಧ್ವನಿಯು ಹಲಗೆಯ ಒಂದು ತುದಿಯಲ್ಲಿ ಪ್ರವೇಶಿಸಿ, ಇನ್ನೊಂದು ತುದಿಯಲ್ಲಿ ಹೊರಡಬೇಕು. ಹೊರಡುವ ತಂತಿಯು ಬರುವ ತಂತಿಯ ಪಕ್ಕದಲ್ಲಿ ಹಾದರೆ, ಬೆಳೆದ ಧ್ವನಿಯ ಅಂಶವು ಹಿಂದಿರುಗಿ ಹೊಕ್ಕು ಕೆಡಿಸುವುದು. ಎರಡನೆಯದಾಗಿ, ಡಬ್ಬಿಯಿಂದ ಬೇಸಿನವರೆಗಿನ ದಾರಿಯು ಒಂದೆರಡು ಅಂಗುಲಗಳನ್ನು ಮೀರಬಾರದು. ಏಕೆಂದರೆ ಅಲ್ಲಿ ಧ್ವನಿಯು ಇನ್ನೂ ಶಿಶುವಿನಂತಿರುವುದು, ಉದ್ದನೆಯ ತಂತಿಯು ಏರಿಯಲ್ಲಿನಂತೆ ಗುಂಯ್‌ಕಾರವನ್ನು ಸೆಳೆದುಕೊಳ್ಳುವುದು. ಮೂರನೆಯದಾಗಿ, ಗ್ರೌಂಡಿನ ತಂತಿಗಳೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಅವು ಎರಡು ಕಡೆ ಕೂಡಿ ಬಳೆಯಂತೆ ಸುತ್ತು ಉಂಟಾದರೆ, ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ಆ ಸುತ್ತಿನಲ್ಲಿ ವಿದ್ಯುತ್ತನ್ನು ಹರಿಯಿಸುವುದು. ನಾಲ್ಕನೆಯದಾಗಿ, ಹಲಗೆಯನ್ನು ಬಿಸ್ಕತ್ತಿನ ತಗಡಿನ ಡಬ್ಬದಂಥ ಲೋಹದ ಪೆಟ್ಟಿಗೆಯಲ್ಲಿ ಇಟ್ಟು, ಆ ಪೆಟ್ಟಿಗೆಯನ್ನು ಗ್ರೌಂಡಿನ ಬಿಂದುವಿಗೆ ಒಂದೇ ಕಡೆ ಬೆಸೆಯಬೇಕು.

ಕಟ್ಟಿ ಮುಗಿಸಿದ ತರುವಾಯ ಮೀಟರಿನಿಂದ ಕಲೆಕ್ಟರಿನ ವೋಲ್ಟೇಜನ್ನು ಅಳೆಯಿರಿ; ೩ರಿಂದ ೬ರೊಳಗೆ ಇದ್ದರೆ ಸರಿ. ಬಳಿಕ ಶೀಲ್ಡ್ ತಂತಿಯಿಂದ ಆಂಪ್ಲಿಫೈಯರಿಗೆ ಸೇರಿಸಿರಿ. ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿದಾಗ ಗುಂಯ್‌ಕಾರವು ಬದಲಾದರೆ, ಪೆಟ್ಟಿಗೆಯ ಗ್ರೌಂಡು ಸರಿಯಾಗಿ ಬೆಸೆದಿಲ್ಲವೆಂದು ತಿಳಿಯತಕ್ಕದ್ದು. ಸಿಳ್ಳಿನಂಥ ಕೂಗು ಬಂದರೆ ಲೌಡ್‌ಸ್ಪೀಕರನ್ನು ಮಾತನಾಡುವವಳಿಗಿಂತ ಮುಂದಕ್ಕೆ, ಸಭಿಕರ ಕಡೆಗೆ ತಿರುಗಿಸಿ ಇಡಿರಿ. ಬಸ್ಸುಗಳ ಸದ್ದಿರುವ ರಸ್ತೆಯ ಬದಿಯ ಮನೆಗಳಲ್ಲಿ ಮೈಕ್ರೋಫೋನು ಬಾಯಿಗೆ ಒಂದು ಗೇಣಿನೊಳಗೆ ಇರುವುದು ಮೇಲು.

ಹೆಣ್ಣುಮಕ್ಕಳ ಕೈಗೆ ಬೆಸುಗೆಯ ಸಲಾಕೆಯನ್ನು ಕೊಡುವುದೆಂತು ಎಂದು ಕೆಲವರು ತಾಯಂದಿರು ಅಂಜುವರು. ೯ ವೋಲ್ಟಿನ ಬ್ಯಾಟರಿಯಿಂದ ಆಘಾತದ ಭಯವಿಲ್ಲ. ಸಲಾಕೆಯ ತುದಿಯು ೩೦೦ ಡಿಗ್ರಿಗೂ ಮೀರಿ ಕಾಯುವುದು ನಿಜ. ಆದರೆ ದಿನವೂ ಒಲೆಯ ಮೇಲಣ ಹೆಂಚನ್ನು ನಿರ್ವಹಿಸುವ ಕೈಗಳಿಗೆ ಅದರ ಎಚ್ಚರವನ್ನು ಕಲಿಸುವುದು ಕಷ್ಟವಲ್ಲ. ಕಿಟಕಿಯನ್ನು ತೆರೆದಿಡಬೇಕು, ಬೆಸುಗೆಯಲ್ಲಿ ಸೀಸವಿರಬಹುದಾದ ಕಾರಣ ಕೆಲಸವಾದ ಮೇಲೆ ಕೈತೊಳೆಯಬೇಕು, ಗೋಡೆಯ ವಿದ್ಯುತ್ತಿಗೆ ಈ ಹಲಗೆಯನ್ನು ಎಂದಿಗೂ ಸೇರಿಸಬಾರದು.

ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕೆಲಸವನ್ನು ಬಲ್ಲವರು ಶನಿವಾರದ ಮಧ್ಯಾಹ್ನ ಒಂದು ತಾಸು ಬಿಡುವು ಮಾಡಿಕೊಂಡು, ನೆರೆಮನೆಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕೆಂದು ನಾವು ಕೋರುತ್ತೇವೆ. ಮೊದಲು ಕಾಗದದ ಮೇಲೆ ಪ್ರತಿಯೊಂದು ಭಾಗದ ಸ್ಥಾನವನ್ನು ಬರೆಯಿಸಿರಿ, ಬೆಸುಗೆಯು ಆಮೇಲಾಗಲಿ.