ಚಂದನಕ್ಕೆ ಒಂಬತ್ತೇಕೆ?

ಮೇಖ್ರಿ ವೃತ್ತದಿಂದ ಜಯಮಹಲ್ ರಸ್ತೆಯನ್ನು ಹಿಡಿದು ಬರುವವನಿಗೆ ಜೆ.ಸಿ. ನಗರದ ದೂರದರ್ಶನ ಕೇಂದ್ರದ ಗೋಪುರವು ಈಗ ಯಾವ ವಿಸ್ಮಯವನ್ನೂ ಹುಟ್ಟಿಸದು. ಆದರೆ 1980ರ ದಶಕದಲ್ಲಿ ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರ, ಯಲಹಂಕಗಳ ತಾರಸಿಗಳ ಮೇಲೆ ಎದ್ದು ನಿಂತಿದ್ದ ಅಲ್ಯುಮಿನಿಯಂ ಕಡ್ಡಿಗಳೆಲ್ಲವೂ, ಮಂಗಳಾರತಿಯ ಗಂಟೆ ಕೇಳಿದ ಭಕ್ತರು ಗರ್ಭಗುಡಿಯತ್ತ ತಿರುಗುವಂತೆ, ಆ ಒಂದು ಗೋಪುರಕ್ಕೆ ಮುಖಮಾಡಿಕೊಂಡಿದ್ದುವು: ಯಲಹಂಕದವು ದಕ್ಷಿಣಕ್ಕೆ, ಯಶವಂತಪುರದವು ಪೂರ್ವಕ್ಕೆ. ಹೊಸಬನೊಬ್ಬನು ದಿಕ್ಕು ತಪ್ಪಿದರೆ ಆಂಟೆನಾಗಳನ್ನು ನೋಡಿಯೇ ಊರಿನ ಮಧ್ಯವನ್ನು ಅಂದಾಜು ಮಾಡಿಕೊಳ್ಳಬಹುದಾಗಿದ್ದಿತು.

ನಮ್ಮ ಮನೆ ಆಗ ಗಂಗಾನಗರದಲ್ಲಿ. ಚಿತ್ರದಲ್ಲಿ ಹುಳು ಮುಲುಗುಟ್ಟತೊಡಗಿತೆಂದರೆ ಚಿಕ್ಕಪ್ಪ ಪಂಚೆಯನ್ನು ಎತ್ತಿಕಟ್ಟಿ ತಾರಸಿಗೆ ಹತ್ತುವರು. ನಾನು ಕಿಟಕಿಯ ಬಳಿ ನಿಂತು ವರದಿಗಾರನಾಗುವೆನು.

“ಬಂತೇನೋ?”

“ಬಂತು ಚಿಕ್ಕಪ್ಪಾ... ಇಲ್ಲ, ಹೋಯ್ತು... ಇನ್ನೊಂಚೂರು ಆ ಕಡೆ!”

ಎಲ್ಲ ಸರಿಹೋಯಿತೆನ್ನುವಷ್ಟರಲ್ಲಿ ಯಲಹಂಕದ ವಾಯುನೆಲೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಗುವುದು, ಚಿತ್ರವು ನಡುಗುವುದು. ಗೋಪುರದಿಂದ ನೇರವಾಗಿ ಬಂದ ಅಲೆಯೂ ವಿಮಾನದ ಮೈಗೆ ತಾಗಿ ಮರಳಿದ ಅಲೆಯೂ ಒಮ್ಮೆ ಕೂಡಿಕೊಂಡು ಒಮ್ಮೆ ಒಂದನ್ನೊಂದು ಅಳಿಸಿಕೊಳ್ಳುತ್ತಿದ್ದುದೇ ಅದಕ್ಕೆ ಕಾರಣವೆಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು. ಚಿಕ್ಕಪ್ಪನಾದರೋ ಕೊನೆಯವರೆಗೂ ಅದನ್ನು ಮಿಲಿಟರಿಯವರ ಕಿತಾಪತಿಯೆಂದೇ ನಂಬಿದ್ದರು.

ಚಾನೆಲ್ಲೆಂಬುದು ವಸ್ತುತಃ ಆಕಾಶದ ಒಂದು ನಿವೇಶನ. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ 174ರಿಂದ 230 ಮೆಗಾಹರ್ಟ್ಸ್‌ವರೆಗಿನ ವಿಸ್ತಾರವನ್ನು ತಲಾ 7 ಮೆಗಾಹರ್ಟ್ಸ್ ಅಗಲದ ಎಂಟು ಪಾಲು ಮಾಡಿ ಅವಕ್ಕೆ 5ರಿಂದ 12ರವರೆಗಿನ ಸಂಖ್ಯೆಗಳನ್ನು ಕೊಟ್ಟಿದ್ದರು. ಅದಕ್ಕಿಂತ ಕೆಳಗೆ ಇನ್ನೂ ಉದ್ದನೆಯ ಅಲೆಗಳ ಪಾಲುಗಳಿದ್ದುವು (ಇವೆರಡಕ್ಕೂ ಸೇರಿ ವಿ.ಎಚ್.ಎಫ್. ಎಂದು ಹೆಸರು), ಮೇಲೆ 470ರಿಂದಾಚೆಗೆ 8 ಮೆಗಾಹರ್ಟ್ಸ್ ಅಗಲದ ಯು.ಎಚ್.ಎಫ್. ಪಾಲುಗಳು. ಯಾವ ಪಾಲಿನ ಆಂಟೆನಾ ಎಂಬುದನ್ನು ಕಡ್ಡಿಯ ಉದ್ದವೇ ಹೇಳಿಬಿಡುವುದು. ಕಡ್ಡಿಯು ಅಲೆಯ ಅರ್ಧದಷ್ಟಿರಬೇಕಾದುದರಿಂದ, ಕೆಳಗಿನ ಪಾಲುಗಳಿಗೆ ಆಳೆತ್ತರಕ್ಕೂ ಮಿಕ್ಕಿದ ಕಡ್ಡಿ ಬೇಕು, ನಡುವಿನವಕ್ಕೆ ಎರಡು ಮೊಳದ್ದು, ಯು.ಎಚ್.ಎಫ್.ಗೆ ಒಂದು ಅಡಿಯದು ಸಾಕು.

ಹಾಗಾದರೆ ಡಿಡಿ ಚಂದನದ 9 ಯಾವ ನಿವೇಶನದ ಸಂಖ್ಯೆ? ಯಾವುದರದೂ ಅಲ್ಲ. ತೆಲುಗಿಗೆ 8, ಕನ್ನಡಕ್ಕೆ 9, ಮರಾಠಿಗೆ 10 ಎಂದು ದೂರದರ್ಶನವು ತನ್ನ ಪ್ರಾದೇಶಿಕ ಉಪಗ್ರಹ ವಾಹಿನಿಗಳಿಗೆ ಕೊಟ್ಟ ಅನುಕ್ರಮವಷ್ಟೇ ಅದು. ಆದಾಗ್ಯೂ ರಿಮೋಟಿನ ಒಂಬತ್ತನೆಯ ಗುಂಡಿಗೇ ಅದನ್ನು ಹೊಂದಿಸಿಟ್ಟುಕೊಂಡಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಹೆಸರಿನೊಡನೆ ಅಂಕೆ ಹೀಗೆ ಒಮ್ಮೆ ಅಂಟಿಕೊಂಡಿತೆಂದರೆ ಬಿಡಿಸುವುದು ಕಷ್ಟ.

ಈ ಕಷ್ಟವು ಪೂರ್ಣಪ್ರಮಾಣದಲ್ಲಿ ಎದುರಾದದ್ದು ಅಮೆರಿಕದಲ್ಲಿ. ಡಿಜಿಟಲ್ ಪರಿವರ್ತನೆಯ ಕಾಲದಲ್ಲಿ ಅಲ್ಲಿಯ ಸಂಪರ್ಕ ಆಯೋಗವು ಬಹುತೇಕ ಎಲ್ಲ ದೊಡ್ಡ ಕೇಂದ್ರಗಳಿಗೂ ಎರಡನೆಯ ಚಾನೆಲೊಂದನ್ನು ಎರವಲು ಕೊಟ್ಟು, ಕೊನೆಗೆ ಎರಡರಲ್ಲೊಂದನ್ನು ಉಳಿಸಿಕೊಂಡು ಇನ್ನೊಂದನ್ನು ಮರಳಿಸಬೇಕೆಂದೂ, ಉಳಿಸಿಕೊಳ್ಳುವುದು 2ರಿಂದ 51ರೊಳಗಿನದಾಗಿರಬೇಕೆಂದೂ ವಿಧಿಸಿ, 2005ರಲ್ಲಿ ಆಯ್ಕೆಯ ಸುತ್ತುಗಳನ್ನು ಆರಂಭಿಸಿತು. ಹಳೆಯ ವಿ.ಎಚ್.ಎಫ್. ನಿವೇಶನಕ್ಕೆ ಮರಳಿದರೆ ಸಣ್ಣ ಟ್ರಾನ್ಸ್‌ಮಿಟರಿನಲ್ಲಿಯೇ ಕೆಲಸ ನಡೆದು ವಿದ್ಯುತ್ತಿನ ವೆಚ್ಚ ಇಳಿಯುವುದು, ಎರವಲು ಬಂದ ಯು.ಎಚ್.ಎಫ್.ನಲ್ಲಿ ಉಳಿದರೆ ವೆಚ್ಚ ಹೆಚ್ಚಾದರೂ ವೀಕ್ಷಕರ ಚಿಕ್ಕ ಆಂಟೆನಾಗಳಿಗೆ ಅಲೆ ಸಲೀಸಾಗಿ ಸಿಕ್ಕುವುದು. ಷಿಕಾಗೋದ ಡಬ್ಲ್ಯು.ಎಲ್.ಎಸ್. ತನ್ನ ಪುರಾತನ 7ನ್ನೂ, ಫಿಲಡೆಲ್ಫಿಯಾದ ಡಬ್ಲ್ಯು.ಪಿ.ವಿ.ಐ. ತನ್ನ 6ನ್ನೂ ಆರಿಸಿಕೊಂಡುವು. 2009ರ ಜೂನ್ 12ರಂದು ಹಳೆಯ ಪ್ರಸಾರ ನಿಂತಿತು, ಎರಡು ಊರುಗಳಲ್ಲಿಯೂ ದೂರುಗಳು ಸುರಿದುವು. ಮನೆಯೊಳಗಿನ ಯಂತ್ರಗಳ ಗದ್ದಲವೆಲ್ಲ ವಿ.ಎಚ್.ಎಫ್.ಗೇ ಹೆಚ್ಚಾಗಿ ತಾಗುವುದು. ಮೇಲಾಗಿ ಡಿಜಿಟಲ್ ಚಿತ್ರವು ಹುಳುಹುಳುವಾಗಿಯಾದರೂ ಬರುವುದೆಂಬ ಔದಾರ್ಯವನ್ನು ತೋರದು, ಬಂದರೆ ಪೂರ್ತಿ ಬರುವುದು, ಇಲ್ಲವಾದರೆ ಏನೂ ಇಲ್ಲ. ಷಿಕಾಗೋದ ಆ ಕೇಂದ್ರವು ಮುಂದೆ ಯು.ಎಚ್.ಎಫ್.ಗೆ ಮರಳಬೇಕಾಯಿತು. ಸ್ವಾರಸ್ಯವೆಂದರೆ ಅದರ ವೀಕ್ಷಕನ ಪರದೆಯ ಮೇಲೆ ಮೊದಲಿನಿಂದ ಕೊನೆಯವರೆಗೂ 7 ಎಂದೇ ಇತ್ತು; ಅಲೆಯು ಎಲ್ಲಿಂದ ಬಂದರೂ ತೋರಬೇಕಾದ ಅಂಕೆ ಇದೆಂದು ಡಿಜಿಟಲ್ ಸಂಕೇತದೊಳಗೇ ಬರೆದಿರುವ ಏರ್ಪಾಡು ಅದು.

ನಮ್ಮಲ್ಲಿ ಇಂಥ ಸ್ವಯಂವರ ನಡೆಯಲಿಲ್ಲ. ನೆಲದ ಗೋಪುರದಿಂದ ಟಿ.ವಿ. ಪ್ರಸಾರ ಮಾಡುವ ಅಧಿಕಾರವು ದೂರದರ್ಶನಕ್ಕೆ ಮಾತ್ರ ಇದ್ದುದರಿಂದ ವಧುವೂ ಒಬ್ಬಳೇ, ವರನೂ ಒಬ್ಬನೇ. ಯಾವ ಊರಿಗೆ ಯಾವ ತರಂಗವೆಂಬ ಜಾತಕವನ್ನು ನೋಡುತ್ತಿದ್ದುದು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನಾ ಮತ್ತು ಸಮನ್ವಯ ವಿಭಾಗ. ಕರ್ನಾಟಕದ ಮೊದಲ ಕೇಂದ್ರವು 1977ರಲ್ಲಿ ಕಲಬುರಗಿಯಲ್ಲಿ ತೊಡಗಿತೆಂಬುದನ್ನು ಬೆಂಗಳೂರಿನವರು ಮರೆಯುವುದುಂಟು. ನಮ್ಮದು 1981ರ ನವೆಂಬರ್ 1ರದು. ಯಶವಂತಪುರದಾಚೆಯ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯು ದೂರದರ್ಶನಕ್ಕೆ ಟ್ರಾನ್ಸ್‌ಮಿಟರುಗಳನ್ನೂ ಕಪ್ಪುಬಿಳುಪು ಟಿ.ವಿ.ಗಳ ಚಿತ್ರನಳಿಕೆಗಳನ್ನೂ ಮಾಡುತ್ತಿದ್ದುದರಿಂದ, ಅಲೆಯನ್ನು ಕಳುಹಿಸುವ ಯಂತ್ರಕ್ಕೂ ಅದನ್ನು ತೋರಿಸುವ ಗಾಜಿಗೂ ನಗರದ ಈ ಉತ್ತರಭಾಗವೇ ತವರಾಗಿದ್ದಿತು.

2016ರ ಫೆಬ್ರವರಿಯಲ್ಲಿ ದೂರದರ್ಶನವು ಡಿಜಿಟಲ್ ಭೂಪ್ರಸಾರವನ್ನು ತೊಡಗಿದ 16 ನಗರಗಳಲ್ಲಿ ಬೆಂಗಳೂರೂ ಒಂದು. ಹಿಂದೆ ಒಂದೇ ವಾಹಿನಿ ಹಿಡಿಸುತ್ತಿದ್ದ ನಿವೇಶನದಲ್ಲಿ ಆಗ ಐದು ವಾಹಿನಿಗಳು ಬಂದುವು, ಅದೂ ಪುಕ್ಕಟೆಯಾಗಿ. ಆದರೆ ಹಳೆಯ ಟಿ.ವಿ.ಗೆ ಬೇರೊಂದು ಪೆಟ್ಟಿಗೆ, ಮೊಬೈಲಿಗೆ ಡಾಂಗಲ್ ಬೇಕಾಗಿದ್ದುವು, ತಾರಸಿಗಳಲ್ಲಿ ಅಷ್ಟು ಹೊತ್ತಿಗೆ ಡಿಶ್‌ಗಳು ಕುಳಿತಾಗಿದ್ದುವು; ಇಂಥದೊಂದು ಸೌಲಭ್ಯ ಬಂದಿತೆಂಬುದೇ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಬಿಟ್ಟು ದೇಶದ ಉಳಿದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ ನಿಲ್ಲಿಸಲು ಪ್ರಸಾರ ಭಾರತಿಯು ಇಟ್ಟುಕೊಂಡ ಗಡುವು 2022ರ ಮಾರ್ಚ್ 31.

ನಿಜವಾದ ಪೈಪೋಟಿ ನಡೆದದ್ದು ಕೇಬಲಿನೊಳಗೆ. ತಂತಿಯಲ್ಲಿ ಕಂಪನ ಹೆಚ್ಚಿದಷ್ಟೂ ಸಂಕೇತವು ಸವೆಯುವುದಾದುದರಿಂದಲೂ, ಹಳೆಯ ಟಿ.ವಿ.ಗಳಿಗೆ ಮೇಲಿನ ಚಾನೆಲ್‌ಗಳು ದಕ್ಕುತ್ತಿರಲಿಲ್ಲವಾದುದರಿಂದಲೂ, ಕೆಳಗಿನ ಕೆಲವೇ ಸ್ಥಾನಗಳಿಗಾಗಿ ವಾಹಿನಿಗಳು ಕೇಬಲ್‌ನವರಿಗೆ ಹಣ ತೆತ್ತು ಕಾದು ಕೂರುತ್ತಿದ್ದುವು. ಸಂತೆಯ ಬಾಗಿಲಲ್ಲೇ ಅಂಗಡಿ ಹಾಕಬೇಕೆಂಬ ಹಟ ಅದು. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ಬಂದು, ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾದ ಮೇಲೆ ತಂತಿಯ ತಾರತಮ್ಯ ಅಳಿಯಿತು. ಆದರೂ ಪೈಪೋಟಿ ಅಳಿಯಲಿಲ್ಲ. ಪೆಟ್ಟಿಗೆಯನ್ನು ಹಚ್ಚಿದೊಡನೆ ಯಾವ ವಾಹಿನಿ ಮೊದಲು ಕಾಣಬೇಕು ಎಂಬುದು ಹೊಸ ವ್ಯಾಜ್ಯವಾಯಿತು. ಅದನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2018ರಲ್ಲಿ ಹೊರಡಿಸಿದ ನಿರ್ದೇಶನವನ್ನು ಮರುವರ್ಷ ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿಯು ರದ್ದುಮಾಡಿತು.

ವೀಕ್ಷಕನ ಪಾಲಿಗೆ ಉಳಿದಿರುವುದು ಸಣ್ಣದೊಂದು ರಕ್ಷಣೆ. ಟ್ರಾಯ್‌ನ 2017ರ ನಿಬಂಧನೆಯಂತೆ ಒಂದೇ ಬಗೆಯ, ಒಂದೇ ಭಾಷೆಯ ವಾಹಿನಿಗಳನ್ನು ಒಟ್ಟಿಗೆ ಇಡಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಕನಿಷ್ಠ ಒಂದು ವರ್ಷ ಬದಲಿಸಕೂಡದು. ನಿಮ್ಮ ಮೆಚ್ಚಿನ ವಾಹಿನಿ ರಾತ್ರೋರಾತ್ರಿ ಮನೆ ಬದಲಿಸಿದ್ದರೆ ರಿಮೋಟನ್ನು ಕುಟ್ಟಬೇಡಿ. ಕೇಬಲ್‌ನವರಿಗೆ ಫೋನು ಮಾಡಿ ಈ ನಿಬಂಧನೆಯನ್ನು ಹೆಸರಿಸಿ ಕೇಳಿ.