ಹೆರೆದು ಎಸೆದ ಅಂಟು, ಹಸಿರು ಬೆಳೆಯಾದ ಬಗೆ

ಮೆಲ್ಲಿಫೆರಾ ಎಂಬ ಜೇನುಜಾತಿಯ ಪೆಟ್ಟಿಗೆಯ ಮುಚ್ಚಳ ಬರಿಗೈಗೆ ಬರುವುದಿಲ್ಲ. ಉಳಿ ತೂರಿಸಿ ಮೀಟಬೇಕು. ಅಂಚಿಗೆಲ್ಲ ಮೆತ್ತಿಕೊಂಡಿರುವ ಆ ಅಂಟೇ ಪ್ರೊಪೊಲಿಸ್. ಗ್ರೀಕ್ ಭಾಷೆಯಲ್ಲಿ 'ಪ್ರೊ' ಎಂದರೆ ಮುಂದೆ, 'ಪೊಲಿಸ್' ಎಂದರೆ ಪಟ್ಟಣ. ಊರಬಾಗಿಲ ಕಾವಲು ಎನ್ನಿ. ಗಿಡಮರಗಳ ಮೊಗ್ಗು, ತೊಗಟೆಗಳಿಂದ ಜಿನುಗುವ ಅಂಟನ್ನು ಹಿಂಗಾಲಿಗೆ ಮೆತ್ತಿಕೊಂಡು ತಂದು, ಮೇಣ ಬೆರೆಸಿ, ಜೇನ್ನೊಣಗಳು ಬಿರುಕು ಮುಚ್ಚುತ್ತವೆ. ನಮ್ಮ ತುಡುವೆಗೆ ಈ ರೂಢಿಯಿಲ್ಲ. ಮುಜಂಟಿ ಜೇನಿಗಂತೂ ಮರದಂಟಿಲ್ಲದೆ ಗೂಡೇ ಇಲ್ಲ.

ಮೆಲ್ಲಿಫೆರಾ ಸಾಕುವವರಿಗೆ ಈ ಅಂಟು ಕಿರಿಕಿರಿಯಾಗಿತ್ತು. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ಗುಟ್ಟು ಕಂಡುಕೊಂಡರು: ಪೆಟ್ಟಿಗೆಯೊಳಗೆ ಸುಮಾರು 3/8 ಇಂಚು ಸಂದು ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿಯಾಗಿ ಉಳಿಸಿಕೊಳ್ಳುತ್ತವೆ, ಕಿರಿದಾದರೆ ಅಂಟು ತುಂಬುತ್ತವೆ, ಅಗಲವಾದರೆ ಎರಿ ಕಟ್ಟುತ್ತವೆ. ಈ ಲೆಕ್ಕದ ಮೇಲೆಯೇ ಇಂದಿನ ಪೆಟ್ಟಿಗೆ ನಿಂತಿದೆ. ಅಂಟದಂತೆ ನೋಡಿಕೊಳ್ಳುವುದೇ ಜಾಣತನವಾಯಿತು.

ಕಥೆ ತಿರುಗಿದ್ದು ಬ್ರೆಜಿಲ್‌ನಲ್ಲಿ. 1956ರಲ್ಲಿ ತಳಿವಿಜ್ಞಾನಿ ವಾರ್ವಿಕ್ ಕೆರ್ ಆಫ್ರಿಕಾದ ಜೇನನ್ನು ತರಿಸಿದರು. ಮರುವರ್ಷ ರಿಯೊ ಕ್ಲಾರೊದಿಂದ 26 ಹಿಂಡುಗಳು ಹಾರಿಹೋಗಿ ಯುರೋಪಿನ ತಳಿಯೊಂದಿಗೆ ಬೆರೆತವು. ಕಡುಕೋಪದ ಈ ಮಿಶ್ರತಳಿಗೆ ಹೆದರಿ ಎಷ್ಟೋ ಜನ ಜೇನು ಸಾಕುವುದನ್ನೇ ಬಿಟ್ಟರು. ಉಳಿದವರು ಅದರ ಸ್ವಭಾವ ಅರಿತು ಪಳಗಿದರು. ಅದು ಅಂಟನ್ನೂ ಧಾರಾಳವಾಗಿ ತರುತ್ತಿತ್ತು. ಮಿನಾಸ್ ಜೆರೈಸ್ ಪ್ರಾಂತ್ಯದ ಪಾಳು ಹುಲ್ಲುಗಾವಲುಗಳಲ್ಲಿ 'ಅಲೆಕ್ರಿಂ' ಎಂಬ ಪೊದೆ ತಾನಾಗಿ ಹಬ್ಬುತ್ತದೆ. ನೊಣಗಳು ಅದರ ಎಳೆಚಿಗುರು ಕಚ್ಚಿ ತರುವುದರಿಂದ ಅಲ್ಲಿನ ಪ್ರೊಪೊಲಿಸ್ ಹಸಿರು. ಜಪಾನ್ ಅದರ ದೊಡ್ಡ ಗಿರಾಕಿಯಾಯಿತು.

ಆಗ ಪೆಟ್ಟಿಗೆಯೂ ಬದಲಾಯಿತು. ಪಕ್ಕದ ಗೋಡೆಗೆ ತೆಗೆಯಬಲ್ಲ ಪಟ್ಟಿಗಳು ಬಂದವು. ಒಂದು ಪಟ್ಟಿ ತೆಗೆದರೆ ಸೀಳಿನಿಂದ ಬೆಳಕು, ಗಾಳಿ ಒಳನುಗ್ಗುತ್ತವೆ. ನೊಣಗಳು ಅಂಚಿನಿಂದ ಅಂಟು ಹಚ್ಚುತ್ತಾ ಬಂದು ಸೀಳು ಮುಚ್ಚುತ್ತವೆ. ಅದನ್ನು ಚಾಕುವಿನಿಂದ ಹಾಳೆಯಂತೆ ಕೊಯ್ದು ತೆಗೆಯುತ್ತಾರೆ. ಬೇರೆಡೆ ಮುಚ್ಚಳದಡಿ ಪ್ಲಾಸ್ಟಿಕ್ ಜಾಲರಿ ಇಡುವವರಿದ್ದಾರೆ. ತುಂಬಿದ ಜಾಲರಿಯನ್ನು ಫ್ರೀಜರ್‌ನಲ್ಲಿಟ್ಟು ತಿರುಚಿದರೆ ಪೆಡಸಾದ ಅಂಟು ಚೂರುಚೂರಾಗಿ ಉದುರುತ್ತದೆ. 2016ರಲ್ಲಿ ಮಿನಾಸ್‌ನ ಹಸಿರು ಪ್ರೊಪೊಲಿಸ್‌ಗೆ ಭೌಗೋಳಿಕ ಗುರುತೂ ದಕ್ಕಿತು.

ಆದರೆ ಅಂಟು ಮೊದಲು ಜೇನಿನದು. ಅಮೆರಿಕದ ವಿಜ್ಞಾನಿ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿಕೊಟ್ಟಂತೆ, ಒಳಗೋಡೆಗೆ ಈ ಲೇಪವಿದ್ದ ಗೂಡಿನ ನೊಣಗಳಲ್ಲಿ ಬ್ಯಾಕ್ಟೀರಿಯಾ ಹಾವಳಿ ಕಡಿಮೆ. ಹಾಗಾಗಿ ಒಳಗೋಡೆಯನ್ನು ಬೇಕೆಂದೇ ಒರಟಾಗಿ ಬಿಟ್ಟು, ಅಂಟು ಬಳಿದುಕೊಳ್ಳಲು ಆಸ್ಪದ ಕೊಡುವವರು ಈಗಿದ್ದಾರೆ. ಸೀಳಿನದನ್ನು ಕೊಯ್ಯೋಣ, ಗೋಡೆಯದನ್ನು ಅವಕ್ಕೇ ಬಿಡೋಣ.