ತಪ್ಪು ಮುಖದ್ದಲ್ಲ, ನಿಂತ ಜಾಗದ್ದು

"ನಾನು ಫೋಟೋದಲ್ಲಿ ಚೆನ್ನಾಗಿ ಬರಲ್ಲ, ನೀವೆಲ್ಲ ನಿಂತ್ಕೊಳ್ಳಿ, ನಾನು ತೆಗೀತೀನಿ." ಈ ಮಾತು ಪ್ರತಿ ಬ್ಯಾಚಿನಲ್ಲೂ ಒಬ್ಬರಿಬ್ಬರ ಬಾಯಲ್ಲಿ ಬಂದೇ ಬರುತ್ತೆ. ಎಥ್ನಿಕ್ ಡೇ ಇರಲಿ, ರಾಜ್ಯೋತ್ಸವ ಇರಲಿ, ಅವರು ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾರೆ, ಇಲ್ಲವೇ ಕ್ಯಾಮೆರಾ ತಾವೇ ಹಿಡಿದು ಫ್ರೇಮಿನಿಂದ ತಪ್ಪಿಸಿಕೊಳ್ಳುತ್ತಾರೆ. ಸ್ವಲ್ಪ ಕೆದಕಿ ಕೇಳಿದರೆ ಕಾರಣ ಹೊರಗೆ ಬರುತ್ತೆ: "ನನ್ನ ಬಣ್ಣ ಕಪ್ಪು, ಮುಖ ಕಾಣೋದೇ ಇಲ್ಲ." ಇನ್ನು ಕೆಲವರು ಬೆಳ್ಳಗೆ ಮಾಡೋ ಫಿಲ್ಟರ್ ಹಾಕಿ, ತಮ್ಮ ಮುಖದ ಬದಲು ಬೇರೆ ಯಾರದೋ ಮುಖವನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ.

ನಾವು ಇಲ್ಲಿ ಹೇಳಬೇಕು ಅಂತಿರೋದು ಇಷ್ಟೇ. ಮುಖ ಕಾಣದೇ ಇರೋದಕ್ಕೆ ಚರ್ಮದ ಬಣ್ಣ ಕಾರಣವಲ್ಲ. ಬೆಳಕು ಎಲ್ಲಿಂದ ಬರ್ತಿದೆ, ಎಷ್ಟು ಅಗಲದಿಂದ ಬರ್ತಿದೆ, ಕ್ಯಾಮೆರಾ ಅದನ್ನು ಹೇಗೆ ಅಳೀತಿದೆ, ಈ ಮೂರನ್ನು ನೋಡಿಕೊಂಡರೆ ಕೈಯಲ್ಲಿರೋ ಫೋನೇ ಸಾಕು. ಫ್ಲ್ಯಾಶ್ ಬೇಡ, ರಿಂಗ್ ಲೈಟ್ ಬೇಡ. ಸೂರ್ಯನ ಬೆಳಕಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದರ ಲೆಕ್ಕ ಗೊತ್ತಿರಬೇಕು.

ಕ್ಯಾಮೆರಾ ಹಾಕೋ ಸರಾಸರಿ

ಮೊದಲು ಕ್ಯಾಮೆರಾ ಒಳಗೆ ಏನಾಗುತ್ತೆ ನೋಡೋಣ. ಎಷ್ಟು ಬೆಳಕು ಒಳಗೆ ಬಿಡಬೇಕು ಅಂತ ತೀರ್ಮಾನಿಸೋಕೆ ಕ್ಯಾಮೆರಾ ದೃಶ್ಯದ ಹೊಳಪನ್ನು ಅಳೆಯುತ್ತೆ. ಎದುರಿಗಿರೋದು ಮದುವಣಗಿತ್ತಿಯೋ ಇದ್ದಿಲ ಗುಡ್ಡೆಯೋ ಅದಕ್ಕೆ ಮೂಲತಃ ಗೊತ್ತಿಲ್ಲ. ಒಟ್ಟು ಸರಾಸರಿ ಮಧ್ಯಮ ಬೂದು ಬಣ್ಣಕ್ಕೆ ಬರಬೇಕು ಅಂತ ಅದು ಊಹಿಸುತ್ತೆ. ಫೋಟೋಗ್ರಫಿಯಲ್ಲಿ ಈ ಬೂದು ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18% ಹಿಂದಿರುಗಿಸೋ ಮೇಲ್ಮೈ.

ಈಗ ಗೆಳೆಯನೊಬ್ಬ ಬಿಳಿ ಗೋಡೆ ಮುಂದೆ ನಿಂತಿದ್ದಾನೆ ಅಂದ್ಕೊಳ್ಳಿ. ಫ್ರೇಮಿನ ಮುಕ್ಕಾಲು ಭಾಗ ಬಿಳಿ. ಕ್ಯಾಮೆರಾ "ಅಬ್ಬಾ, ತುಂಬಾ ಬೆಳಕಿದೆ" ಅಂತ ಇಡೀ ಚಿತ್ರದ ಹೊಳಪನ್ನು ಕೆಳಗಿಳಿಸುತ್ತೆ. ಗೋಡೆ ಬೂದಾಗುತ್ತೆ, ಮುಖ ಇನ್ನೂ ಕಪ್ಪಾಗುತ್ತೆ. ಬೆನ್ನಿಗೆ ಆಕಾಶವೋ ಕಿಟಕಿಯೋ ಇದ್ದರೂ ಇದೇ ಕಥೆ. ತೆಳು ಬಣ್ಣದ ಮುಖ ಈ ಪೆಟ್ಟನ್ನು ಹೇಗೋ ತಡ್ಕೊಳ್ಳುತ್ತೆ. ಗಾಢ ಬಣ್ಣದ ಮುಖದಲ್ಲಿ ಕಣ್ಣು, ಕೆನ್ನೆಗಳ ವಿವರ ಪೂರ್ತಿ ಮುಳುಗುತ್ತೆ. ಈಗಿನ ಫೋನ್‌ಗಳು ಮುಖ ಗುರುತಿಸಿ ಸ್ವಲ್ಪ ಸರಿ ಮಾಡುತ್ತವೆ ನಿಜ, ಆದರೆ ಹಿನ್ನೆಲೆ ತೀರಾ ಬೆಳ್ಳಗಿದ್ದರೆ ಅವೂ ಸೋಲುತ್ತವೆ.

ಪರಿಹಾರ ಎರಡು ಸೆಕೆಂಡಿನ ಕೆಲಸ. ಪರದೆ ಮೇಲೆ ಮುಖವನ್ನು ಮುಟ್ಟಿ. ಪಕ್ಕದಲ್ಲಿ ಬರೋ ಸೂರ್ಯನ ಚಿಹ್ನೆಯನ್ನು ಮುಖದ ವಿವರ ಕಾಣುವವರೆಗೆ ಮೇಲಕ್ಕೆ ಸರಿಸಿ. ಆಕಾಶ ಸ್ವಲ್ಪ ಬೆಳ್ಳಗಾದರೆ ಆಗಲಿ, ಆಕಾಶದ ಫೋಟೋ ಆಮೇಲೂ ತೆಗೀಬಹುದು. ಹಿನ್ನೆಲೆ ನಿಮ್ಮ ಕೈಯಲ್ಲಿದ್ದರೆ ಬಿಳಿ ಗೋಡೆ ಬಿಟ್ಟು ಹಸಿರು ಬೇಲಿ, ಕಲ್ಲಿನ ಗೋಡೆ, ಹಳೇ ಮರದ ಬಾಗಿಲು, ಇಂಥದ್ದು ಆರಿಸಿ.

ಈ ಪಕ್ಷಪಾತ ಇವತ್ತಿನದಲ್ಲ. ಫಿಲ್ಮ್ ಕಾಲದಲ್ಲಿ ಪ್ರಿಂಟಿನ ಬಣ್ಣ ಸರಿಯಿದೆಯಾ ಅಂತ ನೋಡೋಕೆ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಇರ್ತಿದ್ದದ್ದು ಬಿಳಿ ಚರ್ಮದ ಒಬ್ಬ ಹೆಣ್ಣುಮಗಳ ಚಿತ್ರ. ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರು ಬಿತ್ತು. ಅವಳ ಚರ್ಮ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಕೊಡಾಕ್‌ನಲ್ಲಿ ಹಿಂದೆ ಕೆಲಸ ಮಾಡಿದವರನ್ನು ಮಾತಾಡಿಸಿ ಈ ಇತಿಹಾಸವನ್ನು ದಾಖಲಿಸಿದ್ದಾರೆ. ಕಂದು ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ಗಟ್ಟಿಯಾಗಿ ದೂರು ಕೊಟ್ಟವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಿಸೋ ಕಂಪನಿಗಳೂ ಇದ್ದವಂತೆ! ಅಂದರೆ "ಕಪ್ಪು ಮುಖ ಫೋಟೋಗೆ ಬರಲ್ಲ" ಅನ್ನೋದು ಪ್ರಕೃತಿ ನಿಯಮವೇನಲ್ಲ. ಯಾರನ್ನು ಎದುರಿಗಿಟ್ಟುಕೊಂಡು ಫಿಲ್ಮ್ ಹದ ಮಾಡಿದರು ಅನ್ನೋದರ ಫಲ ಅದು.

ಗಡಸು ಬೆಳಕು, ಮೆದು ಬೆಳಕು

ಒಂದು ಬಿಳಿ ಹಾಳೆ ತಗೊಳ್ಳಿ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಪೆನ್ ಹಿಡೀರಿ. ಮಧ್ಯಾಹ್ನದ ಬಿಸಿಲಲ್ಲಿ ಪೆನ್ನಿನ ನೆರಳು ಕತ್ತರಿಸಿ ಇಟ್ಟ ಹಾಗೆ ಚೂಪಾಗಿರುತ್ತೆ. ಮೋಡ ಮುಚ್ಚಿದಾಗ ನೆರಳು ಎಲ್ಲಿದೆ ಅಂತ ಹುಡುಕಬೇಕು. ಬೆಳಕಿನ ಗುಣ ತಿಳಿಯೋಕೆ ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ.

ಕಾರಣ ಸರಳ. ಸೂರ್ಯ ಎಷ್ಟೇ ದೊಡ್ಡದಾದರೂ ಭೂಮಿಯಿಂದ ನೋಡಿದರೆ ಬರೀ ಅರ್ಧ ಡಿಗ್ರಿ ಅಗಲ. ಅಷ್ಟು ಸಣ್ಣ ಮೂಲದಿಂದ ಬೆಳಕು ಹೆಚ್ಚುಕಮ್ಮಿ ಒಂದೇ ದಿಕ್ಕಿನಿಂದ ಬರುತ್ತೆ. ಹಾಗಾಗಿ ಮೂಗಿನ ನೆರಳು ತುಟಿ ಮೇಲೆ ಗೆರೆ ಎಳೆದಂತೆ ಬೀಳುತ್ತೆ. ಮೋಡ ಬಂದಾಗ ಇಡೀ ಆಕಾಶವೇ ದೀಪವಾಗುತ್ತೆ. ಎಲ್ಲಾ ಕಡೆಯಿಂದ ಬರೋ ಬೆಳಕು ನೆರಳುಗಳನ್ನು ತುಂಬುತ್ತೆ. ಮುಖಕ್ಕೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ದೊಡ್ಡದೋ ಬೆಳಕು ಅಷ್ಟು ಮೆದು. ಈ ಒಂದು ವಾಕ್ಯ ನೆನಪಿಟ್ಟರೂ ಸಾಕು.

"ಹಾಗಾದ್ರೆ ಬಿಸಿಲಿದ್ದಾಗ ಮರದ ಕೆಳಗೆ ನಿಲ್ಲಿಸಿಬಿಡೋಣ" ಅನ್ನೋರು ಒಂದು ವಿಷಯ ಗಮನಿಸಿ. ಎಲೆಗಳ ಸಂದಿಯಿಂದ ಬಿಸಿಲ ಚುಕ್ಕೆಗಳು ಮುಖದ ಮೇಲೆ ಬೀಳ್ತಿದ್ದರೆ ಆ ಜಾಗ ಬೇಡ. ಫಿಲ್ಮ್ ಕಾಲದವರು 'ಸನ್ನಿ 16' ಅನ್ನೋ ನಿಯಮ ಬಳಸ್ತಿದ್ದರು: ಸ್ವಚ್ಛ ಬಿಸಿಲಲ್ಲಿ ಅಪರ್ಚರ್ ಎಫ್/16, ಶಟರ್ ವೇಗ ಐಎಸ್‌ಒದ ವಿಲೋಮ, ಅಂದರೆ ಐಎಸ್‌ಒ 100 ಇದ್ದರೆ 1/100 ಸೆಕೆಂಡ್. ತೆರೆದ ಆಕಾಶದ ಕೆಳಗಿನ ನೆರಳಲ್ಲಿ ಅದೇ ಶಟರ್‌ಗೆ ಎಫ್/4. 16ರಿಂದ 11, 8, 5.6, 4, ಹೀಗೆ ನಾಲ್ಕು ಹೆಜ್ಜೆ. ಒಂದೊಂದು ಹೆಜ್ಜೆಗೂ ಬೆಳಕು ಎರಡು ಪಟ್ಟು ಒಳಗೆ ಬರಬೇಕು. ಎರಡರ ನಾಲ್ಕನೇ ಘಾತ 16. ಬಿಸಿಲ ಚುಕ್ಕೆಗೂ ಪಕ್ಕದ ನೆರಳಿಗೂ ಸುಮಾರು 16 ಪಟ್ಟು ಅಂತರ ಅಂದ ಮೇಲೆ ಒಂದೇ ಮುಖದಲ್ಲಿ ಎರಡನ್ನೂ ಚೆನ್ನಾಗಿ ಹಿಡಿಯೋದು ಹೇಗೆ? ದಟ್ಟ ನೆರಳು ಹುಡುಕಿ: ಕಟ್ಟಡದ ಪಕ್ಕ, ಕಾರಿಡಾರಿನ ಅಂಚು, ಜಗಲಿ. ಆ ನೆರಳಿನ ಒಳಗೆ ನಿಂತು ಮುಖವನ್ನು ಬಯಲಿನ ಕಡೆ ತಿರುಗಿಸಬೇಕು, ಗೋಡೆ ಕಡೆ ಅಲ್ಲ.

ನಮ್ಮ ಅಕ್ಷಾಂಶದ ಲೆಕ್ಕ

ಯೂಟ್ಯೂಬ್ ಪಾಠಗಳಲ್ಲೆಲ್ಲ 'ಗೋಲ್ಡನ್ ಅವರ್' ಅಂತ ಕೇಳಿರ್ತೀರಿ. ಸೂರ್ಯ ದಿಗಂತಕ್ಕೆ ಹತ್ತಿರ ಇರುವಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಹಾಯ್ದು ಬರುತ್ತೆ. ದಾರಿಯಲ್ಲಿ ನೀಲಿ ಹೆಚ್ಚು ಚದುರುತ್ತೆ, ಕೆಂಪು-ಹಳದಿ ಉಳಿಯುತ್ತೆ. ಬೆಳಕು ಪಕ್ಕದಿಂದ, ಬೆಚ್ಚಗೆ, ಹದವಾಗಿ ಬೀಳುತ್ತೆ. ಸರಿ. ಆದರೆ ಆ 'ಅವರ್' ನಮ್ಮಲ್ಲಿ ಒಂದು ಗಂಟೆ ಇರಲ್ಲ.

ಲೆಕ್ಕ ಹಾಕಿ ನೋಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. ವಿಷುವದ ಸಮಯದಲ್ಲಿ ದಿಗಂತದ ಹತ್ತಿರ ಸೂರ್ಯ ಏರುವ ವೇಗ ಸುಮಾರು 15 × ಕಾಸ್(ಅಕ್ಷಾಂಶ). ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಹಾಗಾಗಿ ಗಂಟೆಗೆ ಸುಮಾರು 14.6 ಡಿಗ್ರಿ. ಸೂರ್ಯ 6 ಡಿಗ್ರಿ ಏರೋಕೆ 25 ನಿಮಿಷ ಸಾಕು. ಲಂಡನ್ನಿನ ಅಕ್ಷಾಂಶ ಸುಮಾರು 51.5 ಡಿಗ್ರಿ, ಅಲ್ಲಿ ಅಷ್ಟೇ ಏರೋಕೆ 40 ನಿಮಿಷದ ಹತ್ತಿರ ಬೇಕು. ಅಲ್ಲಿಯವರ ವಿಡಿಯೋ ನೋಡಿ "ಇನ್ನೂ ಟೈಮ್ ಇದೆ ಬಿಡೋ" ಅಂತ ಕ್ಯಾಂಟೀನ್‌ನಲ್ಲಿ ಕೂತರೆ ಚಹಾ ಮುಗಿಯೋದರೊಳಗೆ ಬೆಳಕೂ ಮುಗಿದಿರುತ್ತೆ. ಬೆಳಗ್ಗೆ ತೆಗೆಯೋದಾದರೆ ಸೂರ್ಯ ಹುಟ್ಟೋ ಮುಂಚೆ ಜಾಗದಲ್ಲಿರಿ. ಸಂಜೆಗಾದರೆ ಮುಳುಗೋಕೆ ಮುಕ್ಕಾಲು ಗಂಟೆ ಮೊದಲೇ ಎಲ್ಲರನ್ನೂ ಸೇರಿಸಿ.

ಮಧ್ಯಾಹ್ನದ ವಿಷಯದಲ್ಲೂ ನಮ್ಮೂರು ಬೇರೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಕಂಬಕ್ಕೆ ಇರದ ನೆರಳು ನಮ್ಮ ಮುಖಕ್ಕೆ ಇರುತ್ತೆ: ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಬೇಸಿಗೆಯ ಬೀಳ್ಕೊಡುಗೆ ಫೋಟೋವನ್ನು ಊಟಕ್ಕೆ ಮುಂಚೆ, 12 ಗಂಟೆಗೆ, ಮೆಟ್ಟಿಲ ಮೇಲೆ ಬಿಸಿಲಲ್ಲೇ ತೆಗೆಯೋ ಪದ್ಧತಿ ಇದ್ದಲ್ಲಿ ದಯವಿಟ್ಟು ಬದಲಾಯಿಸಿ. ನಾಲ್ಕು ವರ್ಷದ ಕೊನೆಗೆ ಕೈಯಲ್ಲಿ ಉಳಿಯೋದು ಆ ಒಂದು ಫೋಟೋ.

ಕಿಟಕಿ ಅನ್ನೋ ಸ್ಟುಡಿಯೋ

ಮನೆಯಲ್ಲಿ, ಹಾಸ್ಟೆಲಿನಲ್ಲಿ ಅತ್ಯುತ್ತಮ ದೀಪ ಅಂದರೆ ನೇರ ಬಿಸಿಲು ಬೀಳದ ಕಿಟಕಿ. ಹಳೇ ತೊಟ್ಟಿ ಮನೆಯ ಪಡಸಾಲೆ ಸಿಕ್ಕರಂತೂ ಕೇಳೋದೇ ಬೇಡ.

ಕೂರಿಸೋದು ಹೇಗೆ? ಕಿಟಕಿಗೆ ಬೆನ್ನು ಮಾಡಿ ಅಲ್ಲ, ಪೂರ್ತಿ ಎದುರಾಗಿಯೂ ಅಲ್ಲ. ಕಿಟಕಿ ಒಂದು ಪಕ್ಕಕ್ಕೆ ಬರೋ ಹಾಗೆ ಕೂರಿಸಿ, ಮುಖವನ್ನು ಸ್ವಲ್ಪ ಬೆಳಕಿನ ಕಡೆ ತಿರುಗಿಸಿ. ಆಗ ಕೆನ್ನೆಯ ಉಬ್ಬು, ಮೂಗಿನ ಗೆರೆ, ಕಣ್ಣೊಳಗಿನ ಹೊಳಪು ಎಲ್ಲಾ ಬರುತ್ತೆ. ಗಾಢ ಬಣ್ಣದ ಚರ್ಮ ಇಲ್ಲಿ ನಿಜಕ್ಕೂ ಗೆಲ್ಲುತ್ತೆ. ಅದರ ಮೇಲೆ ಜಾರೋ ತೆಳು ಹೊಳಪೇ ಮುಖದ ಆಕಾರವನ್ನು ಬಿಡಿಸಿ ತೋರಿಸುತ್ತೆ. ಆ ಹೊಳಪು ಅಗಲವಾಗಿ ಹರಡಬೇಕಾದರೆ ಬೆಳಕಿನ ಮೂಲವೂ ಅಗಲವಾಗಿರಬೇಕು. ನೇರ ಫ್ಲ್ಯಾಶ್ ಹೊಡೆದರೆ ಹಣೆ ಮೇಲೆ ಒಂದು ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ಸಿಗಲ್ಲ.

ದೂರ ಮುಖ್ಯ. ಬಿಂದುವಿನಂಥ ದೀಪಕ್ಕೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ ಅಂತ ಓದಿದ್ದೀವಿ. ಕಿಟಕಿ ಬಿಂದುವಲ್ಲ, ಹಾಗಾಗಿ ತೀರಾ ಹತ್ತಿರದಲ್ಲಿ ಈ ಲೆಕ್ಕ ಪೂರ್ತಿ ಕೂಡಲ್ಲ. ಆದರೂ ಕೋಣೆಯೊಳಕ್ಕೆ ಸರಿದಷ್ಟೂ ಬೆಳಕು ಬೇಗ ಇಳಿಯುತ್ತೆ. ಜೊತೆಗೆ ಕಿಟಕಿ ಚಿಕ್ಕದಾಗಿ ಕಂಡು ಬೆಳಕು ಗಡಸಾಗುತ್ತೆ. ಎರಡು-ಮೂರು ಅಡಿ ದೂರದಲ್ಲೇ ಕೂರಿಸಿ.

ಕಿಟಕಿಯ ಆಚೆ ಬದಿಯ ಕೆನ್ನೆ ಕತ್ತಲಾಯ್ತಾ? ಇಂಜಿನಿಯರಿಂಗ್ ಗ್ರಾಫಿಕ್ಸ್‌ಗೆ ಅಂತ ತಂದ ಡ್ರಾಯಿಂಗ್ ಶೀಟ್ ಮೂಲೆಯಲ್ಲಿ ಬಿದ್ದಿರುತ್ತಲ್ಲ, ಅದನ್ನು ಫ್ರೇಮಿಗೆ ಕಾಣದ ಹಾಗೆ ಆ ಕೆನ್ನೆಯ ಪಕ್ಕ ಹಿಡೀರಿ. ಥರ್ಮಾಕೋಲ್, ಬಿಳಿ ಪಂಚೆ ಯಾವುದಾದರೂ ಆದೀತು. ಕಿಟಕಿಯ ಬೆಳಕೇ ಅದಕ್ಕೆ ತಾಗಿ ವಾಪಸ್ ಬರುತ್ತೆ.

ಕೊನೆಗೆ ಟ್ಯೂಬ್‌ಲೈಟ್, ಬಲ್ಬ್ ಆರಿಸಿಬಿಡಿ. ನಡು ಹಗಲಿನ ಬಿಸಿಲಿನ ಬಣ್ಣದ ತಾಪ ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್‌ನದು 2700ರ ಹತ್ತಿರ. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಒಂದನ್ನು ಸರಿ ಮಾಡಹೋದರೆ ಇನ್ನೊಂದು ಕೆಡುತ್ತೆ.

ಕನ್ನಡಿಯಲ್ಲಿ ಹಿಡಿದ ಸೂರ್ಯ

ಇದೆಲ್ಲ ಬಡ ವಿದ್ಯಾರ್ಥಿಗಳ ಉಪಾಯ ಅಂತ ಅನ್ನಿಸಿದರೆ ಮೈಸೂರಿನ ವಿ.ಕೆ. ಮೂರ್ತಿಯವರ ಕೆಲಸ ನೋಡಿ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿಂದ ಇಳಿಯೋ ಬೆಳಕಿನ ಕೋಲು ಇದೆಯಲ್ಲ, ಅದಕ್ಕೆ ಅವರು ಬಳಸಿದ್ದು ಕನ್ನಡಿಗಳನ್ನು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಿಂದ ಒಳಗೆ ತಿರುಗಿಸಿ, ಇನ್ನೊಂದು ಕನ್ನಡಿಯಿಂದ ಬೇಕಾದ ಜಾಗಕ್ಕೆ ಇಳಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಅದಕ್ಕೂ ಸ್ವಲ್ಪ ಮುಂಚೆ ಬಂಗಾಳದಲ್ಲಿ ಸುಬ್ರತ ಮಿತ್ರ ಸತ್ಯಜಿತ್ ರೇ ಅವರ 'ಅಪರಾಜಿತೋ' (1956) ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಬೆಳಗಬೇಕಿತ್ತು. ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದರ ಕಡೆ ತಿರುಗಿಸಿ, ತಾಗಿ ಬರೋ ಬೆಳಕಿನಿಂದ ತೆರೆದ ಆಕಾಶದ ಭಾವ ತಂದರು. ಡ್ರಾಯಿಂಗ್ ಶೀಟ್ ಮಾಡೋದೂ ಅದೇ ಕೆಲಸ.

ಮುಂದಿನ ಗುಂಪು ಫೋಟೋಗೆ

ಮುಂದಿನ ಕಾರ್ಯಕ್ರಮದಲ್ಲಿ ಕ್ಯಾಮೆರಾ ಹಿಡಿಯೋರಿಗೆ ನಮ್ಮ ಕೋರಿಕೆ ಇದು. ಎಲ್ಲರೂ ಬಂದು ನಿಲ್ಲೋ ಮುಂಚೆ ಆ ಜಾಗದಲ್ಲಿ ನಿಮ್ಮ ಮುಷ್ಟಿಯನ್ನು ಮುಖದೆತ್ತರಕ್ಕೆ ಹಿಡಿದು ಒಂದು ಸುತ್ತು ತಿರುಗಿ. ಬೆರಳ ಗೆಣ್ಣುಗಳ ಮೇಲೆ ಬೆಳಕು ಎಲ್ಲಿ ಮೆತ್ತಗೆ ಹರಡುತ್ತೋ ಆ ಕಡೆಗೆ ಎಲ್ಲರ ಮುಖ ಬರಲಿ. ಬೆಳಕು ಒಂದು ಪಕ್ಕದಿಂದ ಬರ್ತಿದ್ದರೆ ಗಾಢ ಬಣ್ಣದವರನ್ನು ಆ ಪಕ್ಕಕ್ಕೆ ಕರೀರಿ; ಯಾಕೆ ಅಂತ ಭಾಷಣ ಬೇಡ, "ಇಲ್ಲಿ ಬಾ, ಇಲ್ಲಿ ಬೆಳಕು ಚೆನ್ನಾಗಿದೆ" ಅಂದರೆ ಸಾಕು. ಎಕ್ಸ್‌ಪೋಶರ್ ಇಡುವಾಗ ಗುಂಪಿನಲ್ಲಿ ಅತಿ ಗಾಢ ಮುಖವನ್ನೂ ಅತಿ ತೆಳು ಮುಖವನ್ನೂ ಎರಡನ್ನೂ ನೋಡಿ, ಒಂದು ಮುಳುಗಬಾರದು, ಇನ್ನೊಂದು ಬೆಳ್ಳಗೆ ಸುಟ್ಟುಹೋಗಬಾರದು. ತೆಗೆದ ಮೇಲೆ ಫಿಲ್ಟರ್ ಹಾಕಿ ಯಾರ ಬಣ್ಣವನ್ನೂ ತಿದ್ದಬೇಡಿ.

ಹಿಂದಿನ ಸಾಲಿಗೆ ಹೋಗಿ ನಿಂತವರಿಗೂ ಒಂದು ಮಾತು. ಈ ಭಾನುವಾರ ಬೆಳಗ್ಗೆ ಯಾರಾದರೂ ಒಬ್ಬರ ಕೈಗೆ ಫೋನ್ ಕೊಟ್ಟು, ಲೈಟ್ ಆರಿಸಿ, ಕಿಟಕಿಯ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಬಂದ ಚಿತ್ರವನ್ನು ಹಾಗೇ ಮನೆಗೆ ಕಳಿಸಿ. ಅಮ್ಮ ಅದನ್ನು ಡಿಪಿ ಮಾಡ್ಕೊಳ್ಳದೇ ಇದ್ದರೆ ಆಮೇಲೆ ನಮ್ಮನ್ನು ಕೇಳಿ.